ಈಜಿಪ್ಟಿಗೆ ಹೊರಡುವ ಮುನ್ನ ಕಲ್ಯಾಣ್‌ನಲ್ಲಿ ಇಳಿಯಿರಿ



ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಇತ್ತೀಚೆಗೆ ಡೊಂಬಿವಲಿಯಿಂದ ಒಂದು ಕರೆ ಬಂತು. ಮೂಲತಃ ಉಡುಪಿ ಕಡೆಯವರು. ಕೆಲಸದಿಂದ ನಿವೃತ್ತರಾಗಿದ್ದಾರೆ, ಮಕ್ಕಳು ಅವರವರ ದಾರಿ ಹಿಡಿದಿದ್ದಾರೆ. ಅವರು ಕೇಳಿದ್ದು ಹೀಗೆ: "ಮೇಡಂ, ನನಗೂ ನಮ್ಮ ಮನೆಯವರಿಗೂ ಒಮ್ಮೆ ಪಿರಮಿಡ್ ನೋಡ್ಬೇಕು ಅಂತ ಬಹಳ ವರ್ಷದ ಆಸೆ. ದುಡ್ಡು ಹೇಗೋ ಹೊಂದಿಸಬಹುದು. ಆದ್ರೆ ನಮಗೂ ಆ ಊರಿಗೂ ಏನಾದ್ರೂ ಸಂಬಂಧ ಉಂಟಾ? ಸುಮ್ನೆ ಒಂಟೆ ಮೇಲೆ ಕೂತು ಫೋಟೋ ತೆಗೆಸ್ಕೊಂಡು ಬರೋದಾದ್ರೆ ಅಷ್ಟು ದೂರ ಯಾಕೆ ಹೋಗ್ಬೇಕು?"

ನನ್ನ ಬಳಿ ಇದ್ದದ್ದು ಅರ್ಧ ನಿಮಿಷ. ಅಷ್ಟರಲ್ಲಿ ಹಾಡು ಹಾಕಬೇಕಿತ್ತು. "ಉಂಟು ಸರ್, ಬೇಕಾದಷ್ಟು ಉಂಟು. ಅದು ನಿಮ್ಮ ಮನೆಯಿಂದ ಎರಡು ಸ್ಟೇಷನ್ ಆಚೆಗೇ ಶುರುವಾಗುತ್ತೆ" ಎಂದು ಹೇಳಿ ಮಾತು ಮುಗಿಸಿದೆ. ಅವರಿಗೆ ಅದು ತಮಾಷೆಯಂತೆ ಕೇಳಿಸಿರಬೇಕು, ನಕ್ಕು ಫೋನ್ ಇಟ್ಟರು. ಆದರೆ ನಾನು ತಮಾಷೆ ಮಾಡಿರಲಿಲ್ಲ. ಅಂದು ಹೇಳಲಾಗದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರೊಬ್ಬರಿಗೆ ಮಾತ್ರವಲ್ಲ, ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಲ್ಲಿ ಕೂತು ನಮ್ಮನ್ನು ಕೇಳುವ ನಿಮಗೆಲ್ಲರಿಗೂ.

ಕಲ್ಲಿಯೇನ ಎಂಬ ಊರು

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಕ್ರಿಸ್ತಶಕ ಒಂದನೆಯ ಶತಮಾನದ ನಡುವಿನಲ್ಲಿ, ಈಜಿಪ್ಟಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನು ಗ್ರೀಕ್ ಭಾಷೆಯವನು. ಅವನ ಹೆಸರು ಎಲ್ಲೂ ಉಳಿದಿಲ್ಲ. ಕೆಂಪು ಸಮುದ್ರದಿಂದ ಹೊರಟು ಆಫ್ರಿಕ, ಅರೇಬಿಯ, ಭಾರತದ ದಡಗಳಲ್ಲಿ ಯಾವ ಯಾವ ಬಂದರು ಇದೆ, ಎಲ್ಲಿ ಏನು ಸಿಗುತ್ತದೆ, ಎಲ್ಲಿ ಏನು ಮಾರಾಟವಾಗುತ್ತದೆ, ಎಲ್ಲಿ ಬಂಡೆಗಳಿವೆ, ಯಾವ ರಾಜನಿಗೆ ಯಾವ ಉಡುಗೊರೆ ಕೊಡಬೇಕು ಎಂಬುದನ್ನೆಲ್ಲ ಅವನು ಬರೆದಿಟ್ಟ. ‘ಪೆರಿಪ್ಲಸ್’ ಎಂದು ಹೆಸರಾದ ಆ ಪುಸ್ತಕ ಕಾವ್ಯವೂ ಅಲ್ಲ, ಚರಿತ್ರೆಯೂ ಅಲ್ಲ. ಅನುಭವಸ್ಥ ವ್ಯಾಪಾರಿಯೊಬ್ಬ ತನ್ನವರಿಗಾಗಿ ಬರೆದ ದಾರಿ ಪುಸ್ತಕ. ಹಾಗಾಗಿಯೇ ಅದರ ಮಾತನ್ನು ಚರಿತ್ರೆಕಾರರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಆ ಪುಸ್ತಕದಲ್ಲಿ ಭರೂಚ್‌ನಿಂದ ದಕ್ಷಿಣಕ್ಕೆ ಬರುತ್ತಾ ಬಂದರುಗಳ ಹೆಸರು ಹೇಳುವಾಗ ‘ಸುಪ್ಪಾರ’ ಎಂಬ ಹೆಸರು ಬರುತ್ತದೆ. ಅದು ನಮ್ಮ ನಾಲಾಸೋಪಾರ. ಅದರ ಬೆನ್ನಿಗೇ ‘ಕಲ್ಲಿಯೇನ’ ಪಟ್ಟಣ. ಅದು ನಮ್ಮ ಕಲ್ಯಾಣ್. ದಿನ ಬೆಳಗಾದರೆ ನೀವು ಯಾವ ಊರಿನ ಫಾಸ್ಟ್ ಲೋಕಲ್ಲಿಗಾಗಿ ಕಾಯುತ್ತೀರೋ ಅದೇ ಊರು.

ಅಷ್ಟೇ ಅಲ್ಲ, ಅವನು ಕಲ್ಯಾಣ್‌ನ ಬಗ್ಗೆ ಒಂದು ದೂರನ್ನೂ ಬರೆದಿದ್ದಾನೆ. ಹಿರಿಯ ಸರಗನ ಎಂಬ ದೊರೆಯ ಕಾಲದಲ್ಲಿ ಇದು ಕಾನೂನುಬದ್ಧ ವ್ಯಾಪಾರದ ಊರಾಗಿತ್ತಂತೆ. ಆ ದೊರೆ ಶಾತವಾಹನ ವಂಶದ ಶಾತಕರ್ಣಿ ಇರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಆಮೇಲೆ ಊರು ಬೇರೊಬ್ಬನ ಕೈಗೆ ಹೋಯಿತು, ಬಂದರಿಗೆ ಅಡ್ಡಿಯಾಯಿತು. ಗ್ರೀಕ್ ಹಡಗೇನಾದರೂ ಅಕಸ್ಮಾತ್ ಇಲ್ಲಿಗೆ ಬಂದರೆ ಅದನ್ನು ಕಾವಲು ಹಾಕಿ ಭರೂಚ್‌ಗೆ ಸಾಗಿಸಿಬಿಡುತ್ತಿದ್ದರಂತೆ. ಕಲ್ಯಾಣ್‌ಗೆ ಹೊರಟವರು ಕಲ್ಯಾಣ್ ತಲುಪುವುದೇ ಕಷ್ಟ ಎಂಬ ಮಾತಿಗೆ ಎರಡು ಸಾವಿರ ವರ್ಷದ ಹಿನ್ನೆಲೆ ಇದೆ ನೋಡಿ!

ಕಲ್ಯಾಣ ಎಂದೊಡನೆ ಕನ್ನಡಿಗರಾದ ನಮ್ಮ ಮನಸ್ಸು ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ ಓಡುತ್ತದೆ. ಅದು ಸಹಜ. ಆದರೆ ಚಾಲುಕ್ಯರ ರಾಜಧಾನಿಯಾಗಿ, ಬಸವಣ್ಣನವರ ಕರ್ಮಭೂಮಿಯಾಗಿ ಆ ಕಲ್ಯಾಣ ಹೆಸರಾದದ್ದು ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ. ಕೊಲ್ಲಿಯ ದಡದ ಈ ಕಲ್ಯಾಣ್ ಅದಕ್ಕಿಂತ ಸಾವಿರ ವರ್ಷ ಹಿಂದೆಯೇ ಈಜಿಪ್ಟಿನವರ ಬಾಯಲ್ಲಿತ್ತು. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಇನ್ನೊಬ್ಬ ವ್ಯಾಪಾರಿ, ಕಾಸ್ಮಾಸ್ ಎಂಬವನು, ‘ಕಲ್ಲಿಯಾನ’ವನ್ನು ಭಾರತದ ದೊಡ್ಡ ಬಂದರುಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ. ಅದೂ ನಮ್ಮ ಕಲ್ಯಾಣ್ ಎಂದೇ ಹಲವರ ಅಭಿಪ್ರಾಯ. ಅಲ್ಲ, ಅದು ಉಡುಪಿ ಹತ್ತಿರದ ಕಲ್ಯಾಣಪುರ ಎಂದು ವಾದಿಸಿದವರೂ ಇದ್ದಾರೆ. ಫೋನ್ ಮಾಡಿದ ಆ ಹಿರಿಯರಿಗೆ ಇದು ಇಷ್ಟವಾಗಬಹುದು. ವಾದದಲ್ಲಿ ಯಾರು ಗೆದ್ದರೂ ಊರು ಅವರದೇ!

ಮರಳು ಕಾಯ್ದದ್ದು, ಮಳೆ ತೊಳೆದದ್ದು

ಈಗ ಒಂದು ಪ್ರಶ್ನೆ. ಇಷ್ಟು ದೊಡ್ಡ ಬಂದರಾಗಿದ್ದರೆ ಕಲ್ಯಾಣ್‌ನಲ್ಲಿ ಅದರ ಗುರುತು ಎಲ್ಲಿ? ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಉಲ್ಹಾಸ ನದಿಯ ದಡಕ್ಕೆ ಹೋಗಿ ನೋಡಿ. ದುರ್ಗಾಡಿ ಕೋಟೆ ಇದೆ, ಅದು ಬಹಳ ಈಚಿನದು. ಕೊಲ್ಲಿಯ ನೀರಿದೆ, ಸೇತುವೆ ಇದೆ. ಪೆರಿಪ್ಲಸ್ ಕಾಲದ ಕಟ್ಟೆಯಾಗಲಿ ಉಗ್ರಾಣವಾಗಲಿ ಕಣ್ಣಿಗೆ ಬೀಳುವುದಿಲ್ಲ.

ಈಜಿಪ್ಟಿಗೂ ಕೊಂಕಣಕ್ಕೂ ಇರುವ ವ್ಯತ್ಯಾಸವೇ ಇದು. ಈಜಿಪ್ಟಿನ ಮರುಭೂಮಿಯಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಮರಳಿನಡಿ ಹೋದದ್ದು ಸಾವಿರಾರು ವರ್ಷ ಕಳೆದರೂ ಕೊಳೆಯುವುದಿಲ್ಲ. ಬಟ್ಟೆ, ಹಗ್ಗ, ಬುಟ್ಟಿ, ಕಾಳು, ಕಾಗದ ಎಲ್ಲವೂ ಉಳಿಯುತ್ತವೆ. ನಮ್ಮಲ್ಲಿ ಜೂನ್ ಬಂತೆಂದರೆ ಗೋಡೆಗೆ ಪಾಚಿ, ಬಾಗಿಲಿಗೆ ಗೆದ್ದಲು, ಕಪಾಟಿನ ಸೀರೆಗೆ ಬೂಷ್ಟು. ಎರಡು ಸಾವಿರ ಮಳೆಗಾಲ ಕಳೆದ ಮೇಲೆ ಮರದ ಹಡಗು, ಹತ್ತಿಯ ಬಟ್ಟೆ, ತಾಳೆಗರಿಯ ಲೆಕ್ಕಪತ್ರ ಎಲ್ಲಿ ಉಳಿಯಬೇಕು? ಉಳಿದದ್ದರ ಮೇಲೂ ನಾವು ಮನೆ ಮೇಲೆ ಮನೆ ಕಟ್ಟುತ್ತಾ ಬಂದಿದ್ದೇವೆ.

ಹಾಗಾಗಿ ನಮ್ಮ ಕರಾವಳಿಯ ಹಳೆಯ ವ್ಯವಹಾರದ ಸಾಕ್ಷಿ ಹುಡುಕಬೇಕಾದರೆ ಈಜಿಪ್ಟಿಗೇ ಹೋಗಬೇಕು. ಕೆಂಪು ಸಮುದ್ರದ ದಡದಲ್ಲಿ ಬೆರೆನಿಕೆ ಎಂಬ ಹಾಳು ಬಂದರಿದೆ. ಅಲ್ಲಿ 1994ರಿಂದ ವಿದೇಶಿ ತಜ್ಞರ ತಂಡ ಉತ್ಖನನ ನಡೆಸಿದೆ. ಅಲ್ಲಿನ ದೇವಾಲಯವೊಂದರ ಅಂಗಳದಲ್ಲಿ ಒಂದು ದೊಡ್ಡ ಹೂಜಿ ಸಿಕ್ಕಿತು. ಹೂಜಿ ಭಾರತದಲ್ಲಿ ಮಾಡಿದ್ದು. ಅದರೊಳಗೆ ಏಳೂವರೆ ಕಿಲೋ ಕರಿಮೆಣಸು! ಪಶ್ಚಿಮ ಘಟ್ಟದ ಸೀಮೆಯಿಂದ ಹೋದ ಮೆಣಸು ಒಂದನೆಯ ಶತಮಾನದಿಂದ ಹಾಗೆಯೇ ಕೂತಿತ್ತು. ಅಲ್ಲಿನ ಕಟ್ಟಡಗಳಲ್ಲಿ ತೇಗದ ಮರ ಸಿಕ್ಕಿದೆ. ಮರುಭೂಮಿಯಲ್ಲಿ ತೇಗ ಬೆಳೆಯುವುದಿಲ್ಲ. ಭಾರತದ ತೇಗದಲ್ಲಿ ಕಟ್ಟಿದ ಹಡಗುಗಳು ಹಳತಾದ ಮೇಲೆ ಅವುಗಳ ಹಲಗೆಯನ್ನು ಮನೆಗೆ ಬಳಸಿರಬೇಕೆಂದು ತಜ್ಞರ ಊಹೆ. 2022ರಲ್ಲಿ ಅದೇ ಊರಿನಲ್ಲಿ ಅಮೃತಶಿಲೆಯ ಬುದ್ಧನ ಮೂರ್ತಿಯೂ ಸಿಕ್ಕಿತು. ಅಲ್ಲಿಯೇ ಸಂಸ್ಕೃತದ ಒಂದು ಶಾಸನವೂ ದೊರೆತಿದೆ, ಮೂರನೆಯ ಶತಮಾನದ್ದು. ಅಂದರೆ ಹಡಗಿನಲ್ಲಿ ಮೆಣಸು ಮಾತ್ರ ಹೋಗಲಿಲ್ಲ, ಮನುಷ್ಯರೂ ಅವರ ದೇವರೂ ಹೋಗಿ ಅಲ್ಲಿ ನೆಲೆ ಮಾಡಿಕೊಂಡಿದ್ದರು.

ಆ ಪ್ರಯಾಣ ಹೇಗಿತ್ತು ಗೊತ್ತೇ? ಅಲೆಕ್ಸಾಂಡ್ರಿಯದಿಂದ ನೈಲ್ ನದಿಯಲ್ಲಿ ದೋಣಿ ಹಿಡಿದು ಕೊಪ್ಟೋಸ್ ಎಂಬ ಊರಿಗೆ ಬರಬೇಕು. ಅಲ್ಲಿಂದ ಒಂಟೆಯ ಮೇಲೆ ಬೆರೆನಿಕೆಗೆ ಹನ್ನೆರಡು ದಿನ. ಬಿಸಿಲಿಗೆ ಹೆದರಿ ಬಹುಪಾಲು ರಾತ್ರಿಯೇ ನಡೆಯುತ್ತಿದ್ದರು ಎಂದು ರೋಮಿನ ಪ್ಲಿನಿ ಬರೆದಿದ್ದಾನೆ. ಜುಲೈ ಹೊತ್ತಿಗೆ ಅಲ್ಲಿಂದ ಹಡಗು ಬಿಡಬೇಕು. ನಮ್ಮ ಹೊಲಕ್ಕೆ ಮಳೆ ತರುವ ನೈಋತ್ಯ ಗಾಳಿಯೇ ಆ ಹಡಗುಗಳ ಹಾಯಿ ತುಂಬುತ್ತಿತ್ತು. ಮರಳುವುದು ಡಿಸೆಂಬರ್, ಜನವರಿಯಲ್ಲಿ, ಗಾಳಿ ತಿರುಗಿದ ಮೇಲೆ. ಹೋಗಿಬರಲು ಹೆಚ್ಚುಕಡಿಮೆ ಒಂದು ವರ್ಷ. ವರ್ಷಕ್ಕೆ 120 ಹಡಗುಗಳು ಒಂದೇ ಬಂದರಿನಿಂದ ಭಾರತಕ್ಕೆ ಹೊರಡುವುದನ್ನು ಕೇಳಿ ತಿಳಿದೆ ಎಂದು ಸ್ಟ್ರಾಬೊ ಬರೆದಿದ್ದಾನೆ. ಭಾರತ ವರ್ಷ ವರ್ಷ ನಮ್ಮಿಂದ ಐದು ಕೋಟಿ ಸೆಸ್ಟರ್ಸ್ ನಾಣ್ಯ ಎಳೆದುಕೊಳ್ಳುತ್ತದೆ ಎಂಬುದು ಪ್ಲಿನಿಯ ಗೋಳು.

ಪೇಪಿರಸ್ಸಿನಲ್ಲಿ ಕನ್ನಡವೋ ತುಳುವೋ?

ಈಜಿಪ್ಟಿನ ಮರಳು ಕಾಯ್ದಿಟ್ಟ ಇನ್ನೊಂದು ವಸ್ತುವಿನ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರಿಗೆ ರಾಶಿರಾಶಿ ಪೇಪಿರಸ್ ಹಾಳೆಗಳು ಸಿಕ್ಕವು. ಅದರಲ್ಲಿ 413ನೆಯ ಸಂಖ್ಯೆಯದ್ದು ಒಂದು ಗ್ರೀಕ್ ಪ್ರಹಸನ. 1903ರಲ್ಲಿ ಅಚ್ಚಾಯಿತು. ಕಥೆ ಬಹಳ ಸರಳ. ಖಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತಡಿಯ ರಾಜನೊಬ್ಬನ ಕೈಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳನ್ನು ಬಿಡಿಸಲು ಅವಳ ಅಣ್ಣ ಒಬ್ಬ ವಿದೂಷಕನೊಂದಿಗೆ ಬರುತ್ತಾನೆ. ರಾಜನಿಗೂ ಅವನ ಜನರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅಮಲೇರಿಸಿ, ಹಡಗು ಹತ್ತಿ ಪಾರಾಗುತ್ತಾರೆ. ನಮ್ಮ ಯಕ್ಷಗಾನದ ಹಾಸ್ಯಗಾರನಿಗೆ ಈ ಪಾತ್ರ ಕೊಟ್ಟರೆ ಬೆಳತನಕ ಎಳೆಯಬಲ್ಲ!

ಸ್ವಾರಸ್ಯ ಇರುವುದು ರಾಜ ಮತ್ತು ಅವನ ಜನ ಆಡುವ ಮಾತಿನಲ್ಲಿ. ಅದು ಗ್ರೀಕ್ ಅಲ್ಲ, ಗ್ರೀಕ್ ಅಕ್ಷರದಲ್ಲಿ ಬರೆದ ಬೇರಾವುದೋ ಭಾಷೆ. ಶಾಸನತಜ್ಞ ಹುಲ್ಟ್ಶ್ 1904ರಲ್ಲಿ ಅದು ಕನ್ನಡವಿರಬಹುದು ಎಂದು ಬರೆದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಅದನ್ನು ಬೆಂಬಲಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಕಾಸರಗೋಡಿನ ಆ ಮೂಲೆಯಲ್ಲಿ ಕೂತು ಇದರ ಬಗ್ಗೆ ಬರೆದರು. ಒಪ್ಪದವರೂ ಇದ್ದರು. ಅದು ತುಳು ಎಂದವರಿದ್ದಾರೆ. ಯಾವ ಭಾಷೆಯೂ ಅಲ್ಲ, ಪ್ರೇಕ್ಷಕರನ್ನು ನಗಿಸಲು ಬರೆದ ಬರೀ ಬಡಬಡಿಕೆ ಎಂದವರೂ ಇದ್ದಾರೆ. ಈ ವಾದ ಇನ್ನೂ ತೀರ್ಮಾನವಾಗಿಲ್ಲ. ಆದ್ದರಿಂದ ಯಾರಾದರೂ ವೇದಿಕೆ ಮೇಲೆ ನಿಂತು "ಎರಡು ಸಾವಿರ ವರ್ಷಕ್ಕೆ ಹಿಂದೆಯೇ ಈಜಿಪ್ಟಿನಲ್ಲಿ ಕನ್ನಡ ನಾಟಕ ಆಡುತ್ತಿದ್ದರು" ಎಂದು ಗುಡುಗಿದರೆ ಚಪ್ಪಾಳೆ ಹೊಡೆಯುವ ಮೊದಲು ಸ್ವಲ್ಪ ತಡೆಯಿರಿ. ತೀರ್ಮಾನ ಏನೇ ಬರಲಿ, ಒಂದು ಮಾತು ನಿಜ. ನೈಲ್ ನದಿಯ ಬದಿಯ ಒಂದು ಊರಿನ ಪ್ರೇಕ್ಷಕರಿಗೆ ಭಾರತದ ಕಡಲ ತಡಿ ಎಂಬುದು ನಾಟಕ ಕಟ್ಟುವಷ್ಟು ಪರಿಚಿತವಾಗಿತ್ತು. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಕೂತ ಟಾಲೆಮಿ ತನ್ನ ಭೂಗೋಳದಲ್ಲಿ ಬನವಾಸಿಯ ಹೆಸರು ಸೇರಿಸಿದ್ದೂ ಇಂಥ ನಾವಿಕರ, ವ್ಯಾಪಾರಿಗಳ ಮಾತು ಕೇಳಿಯೇ.

ಕಲ್ಲಿನಲ್ಲಿ ಉಳಿದ ನಮ್ಮ ಊರು

ಹಾಗಾದರೆ ನಮ್ಮ ಕಡೆ ಏನೂ ಉಳಿದಿಲ್ಲವೇ? ಉಳಿದಿದೆ. ಮಳೆಗೆ ಕರಗದ್ದು ಒಂದೇ, ಅದು ಕಲ್ಲು.

ಥಾಣೆಯ ಜನರೇ, ನಿಮ್ಮ ಊರಿನ ಪಶ್ಚಿಮಕ್ಕೆ ನಿಂತ ಹಸಿರು ಗುಡ್ಡಗಳ ಆಚೆ ಮಗ್ಗುಲಲ್ಲಿ ಕನ್ಹೇರಿ ಇದೆ. ನಡುವೆ ರಾಷ್ಟ್ರೀಯ ಉದ್ಯಾನದ ಕಾಡು ಇರುವುದರಿಂದ ಘೋಡ್‌ಬಂದರ್ ರಸ್ತೆಯಲ್ಲಿ ಬಳಸಿ ಬೊರಿವಲಿಗೆ ಹೋಗಿ ಒಳಗೆ ಹೋಗಬೇಕು. ಸೋಮವಾರ ರಜೆ, ನೆನಪಿಡಿ. ಅಲ್ಲಿ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಪಕ್ಕದಲ್ಲೆಲ್ಲ ನೀರಿನ ತೊಟ್ಟಿಗಳು. ಗೋಡೆಗಳ ಮೇಲೆ ಬ್ರಾಹ್ಮಿ ಅಕ್ಷರದ ದಾನಶಾಸನಗಳು. ದಾನ ಕೊಟ್ಟವರಲ್ಲಿ ರಾಜರಿಗಿಂತ ವ್ಯಾಪಾರಿಗಳು, ಕಸುಬುದಾರರು, ಹೆಂಗಸರು, ಭಿಕ್ಷುಗಳೇ ಹೆಚ್ಚು. ಸೋಪಾರದವರಿದ್ದಾರೆ, ಕಲ್ಯಾಣ್‌ನವರಿದ್ದಾರೆ. ಅವರಲ್ಲೊಬ್ಬ ಕಲ್ಯಾಣದ ಅಕ್ಕಸಾಲಿಗ, ಹೆಸರು ಸಾಮಿದತ್ತ. ಅವನು ಕೊಡಿಸಿದ್ದು ಒಂದು ನೀರಿನ ತೊಟ್ಟಿ.

ಯೋಚಿಸಿ ನೋಡಿ. ಪೆರಿಪ್ಲಸ್ ಬರೆದವನ ಹೆಸರು ಉಳಿಯಲಿಲ್ಲ. ಕಲ್ಯಾಣ್‌ನ ಅಂದಿನ ಬಂದರು ಉಳಿಯಲಿಲ್ಲ, ಉಗ್ರಾಣ ಉಳಿಯಲಿಲ್ಲ, ಶ್ರೀಮಂತರ ಮಹಡಿ ಮನೆ ಉಳಿಯಲಿಲ್ಲ. ಚಿನ್ನದ ಕೆಲಸ ಮಾಡುತ್ತಿದ್ದ ಒಬ್ಬನ ಹೆಸರು ಉಳಿಯಿತು. ಅವನು ಮಾಡಿದ ಒಡವೆಯಿಂದಲ್ಲ, ಬಾಯಾರಿದವರಿಗೆ ತೋಡಿಸಿದ ತೊಟ್ಟಿಯಿಂದ. ತನ್ನ ಹೆಸರಿನ ಜೊತೆಗೆ ಅವನು ಬರೆಸಿದ್ದು ಎರಡೇ ಮಾತು: ತನ್ನ ಕಸುಬು, ತನ್ನ ಊರು. ಮುಂಬಯಿಗೆ ಬಂದು ಅರ್ಧ ಶತಮಾನವಾದರೂ "ನಿಮ್ಮದು ಯಾವ ಊರು?" ಎಂದು ಕೇಳಿದರೆ ಡೊಂಬಿವಲಿ ಎನ್ನದೆ ಕುಂದಾಪುರ, ಬೆಳಗಾವಿ, ಕಲಬುರ್ಗಿ ಎಂದು ಹೇಳುವ ನಮಗೆ ಸಾಮಿದತ್ತನ ಮನಸ್ಸು ಅರ್ಥವಾಗುವುದು ಕಷ್ಟವೇನಲ್ಲ.

ಕನ್ಹೇರಿಯಲ್ಲಿ ಕನ್ನಡಿಗರು ತಪ್ಪದೆ ನೋಡಬೇಕಾದ ಇನ್ನೊಂದು ಜಾಗವಿದೆ. ದರ್ಬಾರ್ ಎಂದು ಕರೆಯುವ 11ನೆಯ ಗುಹೆ. ಅಲ್ಲಿ 854ರ ಸಂಸ್ಕೃತ ಶಾಸನವೊಂದಿದೆ. ಆಗ ಈ ಕೊಂಕಣ ಸೀಮೆಯನ್ನು ಆಳುತ್ತಿದ್ದವನು ಶಿಲಾಹಾರ ವಂಶದ ಎರಡನೆಯ ಕಪರ್ದಿ. ಅವನು ಸ್ವತಂತ್ರನಲ್ಲ, ಸಾಮಂತ. ಯಾರ ಸಾಮಂತ? ಅಮೋಘವರ್ಷನ ಸಾಮಂತ! ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರ್ಗಿ ಜಿಲ್ಲೆಯ ಮಳಖೇಡದಿಂದ, ಆಳಿದ ರಾಷ್ಟ್ರಕೂಟ ಚಕ್ರವರ್ತಿ. ನಮ್ಮ ನೃಪತುಂಗ. ಬಿ.ಎ. ಓದುವಾಗ ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಹತ್ತು ಅಂಕದ ಪ್ರಶ್ನೆಗೆ ನಾನು ಪುಟಗಟ್ಟಲೆ ಬರೆದಿದ್ದೆ. ಆ ನೃಪತುಂಗನ ಹೆಸರು ಬೊರಿವಲಿಯ ಗುಡ್ಡದ ಮೇಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಅಲ್ಲಿ ನಿಂತಾಗ, ದೂರದ ಊರಿನ ಸಂತೆಯಲ್ಲಿ ನಮ್ಮೂರಿನವರು ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು.

ಆದರೆ ಆ ಶಾಸನದ ಪೂರ್ತಿ ವಿಷಯ ಇನ್ನೂ ಚೆನ್ನಾಗಿದೆ. ಅಲ್ಲಿ ದಾನ ಕೊಟ್ಟವನು ಕನ್ನಡಿಗನಲ್ಲ, ಕೊಂಕಣಿಗನೂ ಅಲ್ಲ. ಅವಿಘ್ನಾಕರ ಎಂಬವನು, ಗೌಡ ದೇಶದವನು, ಅಂದರೆ ಬಂಗಾಳದ ಕಡೆಯಿಂದ ಬಂದವನು. ಭಿಕ್ಷುಗಳ ವಸತಿಗೂ ಬಟ್ಟೆಗೂ ಅಂತ ನೂರು ದ್ರಮ್ಮ ನಾಣ್ಯ ಇಟ್ಟಿದ್ದಾನೆ. ಚಕ್ರವರ್ತಿ ಕನ್ನಡ ನಾಡಿನವನು, ಸಾಮಂತ ಕೊಂಕಣದವನು, ದಾನಿ ಬಂಗಾಳದವನು, ಭಾಷೆ ಸಂಸ್ಕೃತ, ಧರ್ಮ ಬೌದ್ಧ. ಸಂಜೆ ಆರೂವರೆಯ ಕಲ್ಯಾಣ್ ಲೋಕಲ್ಲಿನ ಡಬ್ಬಿಯಲ್ಲಿ ಇರುವಷ್ಟೇ ಬಗೆಯ ಜನ ಆ ಕೆಲವು ಸಾಲುಗಳಲ್ಲಿ ಇದ್ದಾರೆ.

ತಾಮ್ರದ ತಗಡು, ಅಂಬರನಾಥನ ಮೆಟ್ಟಿಲು

ಆ ಶಿಲಾಹಾರರ ಮುಖ್ಯ ಪಟ್ಟಣಗಳಲ್ಲಿ ಒಂದು ‘ಶ್ರೀಸ್ಥಾನಕ’. ಅದೇ ಇಂದಿನ ಥಾಣೆ. 1787ರಲ್ಲಿ ಥಾಣೆಯ ಕೋಟೆಯಲ್ಲಿ ಕೆಲಸಕ್ಕೆ ನೆಲ ಅಗೆಯುವಾಗ ತಾಮ್ರಪಟಗಳು ಸಿಕ್ಕವು. ಶಿಲಾಹಾರ ಅರಿಕೇಸರಿ 1017ರಲ್ಲಿ ಕೊಟ್ಟ ದಾನದ ಪತ್ರ ಅದು. ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯ ಸಂಶೋಧನ ಗ್ರಂಥದ ಮೊದಲ ಸಂಪುಟದಲ್ಲೇ ಅದರ ಅನುವಾದ ಅಚ್ಚಾಯಿತು. ಭಾರತದ ಶಾಸನ ಅಧ್ಯಯನ ಕಣ್ಣುಬಿಡುತ್ತಿದ್ದ ಕಾಲ ಅದು. ಆ ಕೋಟೆಯೇ ಇಂದು ಥಾಣೆಯ ಸೆಂಟ್ರಲ್ ಜೈಲು. ಪಕ್ಕದ ರಸ್ತೆಯಲ್ಲಿ ನೀವು ನೂರು ಸಲ ಓಡಾಡಿರಬಹುದು.

ಶಿಲಾಹಾರರು ತಮ್ಮನ್ನು ‘ತಗರಪುರದ ಒಡೆಯರು’ ಎಂದು ಹೇಳಿಕೊಳ್ಳುತ್ತಿದ್ದರು. ತಗರ ಎಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಪೆರಿಪ್ಲಸ್‌ನಲ್ಲಿ ಪೈಠಣದ ಜೊತೆಗೆ ಹತ್ತಿಬಟ್ಟೆಯ ಊರೆಂದು ಬರುವ ತಗರವೂ ಅದೇ. ಅವರ ಕೊಲ್ಲಾಪುರದ ಶಾಖೆಯ ಗಂಡರಾದಿತ್ಯನಿಗೆ ‘ಅಯ್ಯನ ಸಿಂಗ’ ಎಂಬ ಬಿರುದಿತ್ತು, ಅಂದರೆ ಅಪ್ಪನ ಸಿಂಹ. ಇಂಥ ಬಿರುದುಗಳನ್ನು ನೋಡಿಯೇ ಶಿಲಾಹಾರರ ಮನೆಮಾತು ಕನ್ನಡವಿದ್ದಿರಬೇಕು ಎಂದು ಮರಾಠಿ ವಿದ್ವಾಂಸ ವಾ. ವಿ. ಮಿರಾಶಿಯವರು ಬರೆದರು. ಗಮನಿಸಿ, ಇದನ್ನು ಹೇಳಿದವರು ಮರಾಠಿಗರು. ವಿದ್ವತ್ತು ಎಂದರೆ ಹಾಗೆ, ಅದು ತನ್ನವರು, ಪರರು ಎಂದು ನೋಡುವುದಿಲ್ಲ. ಹಾಗಂತ "ಥಾಣೆ ನಮ್ಮದು" ಎಂದು ನಾವು ಬೋರ್ಡು ಹಾಕುವುದು ಬೇಡ. ಆ ದೊರೆಗಳು ಇಲ್ಲಿಗೆ ಬಂದು, ಇಲ್ಲಿಯವರಾಗಿ, ಇಲ್ಲಿನ ಜನರಿಗಾಗಿ ಕಟ್ಟಿದರು. ನಾವು ಹೆಮ್ಮೆಪಡಬೇಕಾದದ್ದು ಅದಕ್ಕೆ.

ಅವರು ಕಟ್ಟಿದ್ದನ್ನು ನೋಡಲು ಅಂಬರನಾಥಕ್ಕೆ ಹೋಗಿ. ಕಲ್ಯಾಣ್ ದಾಟಿ ವಿಠಲವಾಡಿ, ಉಲ್ಲಾಸನಗರ, ಆಮೇಲೆ ಅಂಬರನಾಥ. ಪೂರ್ವಕ್ಕೆ ಇಳಿದು ರಿಕ್ಷಾ ಹಿಡಿಯಿರಿ. ಚಿತ್ತರಾಜ ಆರಂಭಿಸಿ ಅವನ ತಮ್ಮ ಮುಮ್ಮುಣಿ ಮುಗಿಸಿದ ಶಿವಾಲಯ ಎಂದು ಹೇಳುತ್ತಾರೆ. ಶಾಸನದ ಕಾಲ 1060. ಅದೇ ಹೊತ್ತಿಗೆ ಆ ಇನ್ನೊಂದು ಕಲ್ಯಾಣದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರ ಆಳುತ್ತಿದ್ದ. ಇಟಗಿಯ ಮಹಾದೇವ ದೇವಾಲಯ ಏಳಲು ಇನ್ನೂ ಅರ್ಧ ಶತಮಾನವಿತ್ತು. ಹೊರಗೋಡೆಯ ಒಂದಂಗುಲವನ್ನೂ ಶಿಲ್ಪಿ ಬರಿದೇ ಬಿಟ್ಟಿಲ್ಲ. ಒಳಗೆ ಹೋದರೆ ಗರ್ಭಗುಡಿಗೆ ಹತ್ತುವುದಲ್ಲ, ಇಳಿಯಬೇಕು. ಇಪ್ಪತ್ತರಷ್ಟು ಮೆಟ್ಟಿಲು ಕೆಳಗೆ ಶಿವಲಿಂಗ. ತಲೆ ಎತ್ತಿದರೆ ಮೇಲೆ ಮುಚ್ಚಿಗೆ ಇಲ್ಲ, ಆಕಾಶ. ಪಿರಮಿಡ್ಡಿನ ಒಳಗಿನ ದಾರಿಯಲ್ಲಿ ಬಗ್ಗಿ ನಡೆಯುವಾಗ ಮೈ ಜುಮ್ಮೆನ್ನುತ್ತದೆ ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ ಆಗುತ್ತದೆ, ರಿಟರ್ನ್ ಟಿಕೆಟ್ ತೆಗೆದುಕೊಂಡು ಹೋದರೆ ಸಾಕು.

ಬೇಸರದ ಮಾತನ್ನೂ ಹೇಳಬೇಕು. ದೇವಾಲಯದ ಪಕ್ಕದ ವಾಲಧುನಿ ಹೊಳೆಯ ಬದಿಯಲ್ಲಿ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಒಂಬತ್ತು ನೂರಕ್ಕೂ ಹೆಚ್ಚು ಮಳೆಗಾಲವನ್ನು ತಡೆದುಕೊಂಡ ಕಲ್ಲಿನ ಪಕ್ಕದಲ್ಲಿ, ನಾವು ಕೆಲವೇ ದಶಕಗಳಲ್ಲಿ ಒಂದು ಹೊಳೆಯನ್ನು ಹೀಗೆ ಮಾಡಿದ್ದೇವೆ. ಈಜಿಪ್ಟಿಗೆ ಹೋಗಿ ಬಂದವರು ಅಲ್ಲಿನ ಸ್ಮಾರಕಗಳನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾರೆ ಎಂದು ಹೊಗಳುತ್ತಾರೆ. ಅಂಥವರನ್ನು ನಾನು ಮೆಲ್ಲಗೆ ಕೇಳುವುದುಂಟು: "ಅಂಬರನಾಥಕ್ಕೆ ಹೋಗಿದ್ದೀರಾ?" ಹೆಚ್ಚಿನವರ ಉತ್ತರ, "ಇಲ್ಲ, ರೈಲಿನಲ್ಲಿ ಹೆಸರು ಕೇಳಿದ್ದೇನೆ."

ಘಟ್ಟದ ಬಾಯಿ, ಕಡಲ ಬಾಯಿ

ಒಂದು ಬಂದರು ಬದುಕಬೇಕಾದರೆ ಎರಡು ಬಾಗಿಲು ಬೇಕು. ಒಂದು ಕಡಲಿಗೆ, ಒಂದು ನಾಡಿಗೆ. ಕಲ್ಯಾಣ್‌ನ ನಾಡ ಬಾಗಿಲು ನಾಣೆಘಾಟ್. ಕಲ್ಯಾಣ್‌ನಿಂದ ಮುರ್ಬಾಡ್ ದಾಟಿ, ಮಾಳ್‌ಶೇಜ್ ಘಟ್ಟದ ರಸ್ತೆಯಲ್ಲಿ ವೈಶಾಖರೆ ಎಂಬ ಹಳ್ಳಿಯ ಬಳಿ ಇಳಿದು ಹತ್ತಬೇಕು. ಮೊಣಕಾಲು ಗಟ್ಟಿಯಿದ್ದವರು ಹೋಗಿ, ಇಲ್ಲದವರು ಜುನ್ನರ್ ಕಡೆಯಿಂದ ವಾಹನದಲ್ಲಿ ತಲೆಯ ತನಕ ಹೋಗಬಹುದು. ಬಂಡೆಯ ಸೀಳಿನಲ್ಲಿ ಕಲ್ಲು ಹಾಸಿದ ದಾರಿ. ಮೇಲಿನ ಗುಹೆಯಲ್ಲಿ ಶಾತವಾಹನ ರಾಣಿ ನಾಗಣಿಕೆಯ ಶಾಸನ. ಯಜ್ಞಗಳಲ್ಲಿ ಕೊಟ್ಟ ಹಸು, ಕುದುರೆ, ನಾಣ್ಯಗಳ ಲೆಕ್ಕವನ್ನು ಅಂಕೆಗಳಲ್ಲಿ ಬರೆಸಿದ್ದಾಳೆ. ಭಾರತದ ಅಂಕೆಗಳ ಅತಿ ಹಳೆಯ ದಾಖಲೆಗಳಲ್ಲಿ ಇದೊಂದು. ಘಟ್ಟದ ತಲೆಯಲ್ಲಿ ದೊಡ್ಡ ಕಲ್ಲಿನ ಹಂಡೆಯೊಂದಿದೆ, ಸುಂಕದ ಹಣ ಹಾಕುತ್ತಿದ್ದದ್ದು ಅದರಲ್ಲೇ ಎಂದು ಊರವರು ಹೇಳುತ್ತಾರೆ.

ಈ ದಾರಿ ಜುನ್ನರ್ ಮೇಲೆ ಪೈಠಣಕ್ಕೆ, ತೇರಿಗೆ ಹೋಗುತ್ತಿತ್ತು. ಶಾತವಾಹನರ ಕೈ ಅಲ್ಲಿಂದಾಚೆಗೆ ಕಲಬುರ್ಗಿ ಜಿಲ್ಲೆಯ ಸನ್ನತಿಗೂ ಬನವಾಸಿಗೂ ಚಾಚಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿದೆ. ಕೊಲ್ಲಾಪುರದ ಬ್ರಹ್ಮಪುರಿಯಲ್ಲಿ ಗ್ರೀಕರ ಸಮುದ್ರದೇವತೆಯ ಕಂಚಿನ ಪುಟ್ಟ ಮೂರ್ತಿ ಸಿಕ್ಕಿದೆ. ಕಡಲಿನಿಂದ ಇಷ್ಟು ದೂರ ಸಮುದ್ರದೇವತೆ ಹೇಗೆ ಬಂದ? ಎತ್ತಿನ ಬೆನ್ನ ಮೇಲೆ, ಘಟ್ಟ ಹತ್ತಿ.

ಇನ್ನು ನವಿ ಮುಂಬಯಿಯ ಕೇಳುಗರು "ನಮಗೇನೂ ಇಲ್ಲವೇ" ಎಂದು ಮುನಿಸಿಕೊಳ್ಳುವುದು ಬೇಡ. ಕಡಲ ಬಾಗಿಲು ನಿಮ್ಮದೇ. ಉರಣ್ ತಾಲೂಕಿಗೆ ಸೇರಿದ ಘಾರಾಪುರಿ, ನಾವು ಎಲಿಫಂಟಾ ಎನ್ನುವ ದ್ವೀಪ, ನಿಮ್ಮ ಕಣ್ಣಳತೆಯಲ್ಲಿದೆ. ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಬರೆದ ಶಾಸನ ನಮಗೆಲ್ಲ ಗೊತ್ತು. ಬಾದಾಮಿ ಚಾಲುಕ್ಯ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ನೂರಾರು ಹಡಗುಗಳಿಂದ ‘ಪುರಿ’ ಎಂಬ ಪಟ್ಟಣವನ್ನು ಮುತ್ತಿದ ಸಂಗತಿ ಅದರಲ್ಲಿದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು, ಬೇರೆ ಎಂದು ಇನ್ನು ಕೆಲವರು. ದ್ವೀಪದ ಆಚೆ ದಡದಲ್ಲಿ 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರಿದೆ. ಅಲ್ಲಿಂದ ಹೊರಟ ಕಂಟೇನರ್ ಹಡಗುಗಳು ಯೂರೋಪಿಗೆ ಹೋಗುವ ಹತ್ತಿರದ ದಾರಿ ಯಾವುದು? ಅದೇ ಕೆಂಪು ಸಮುದ್ರ. ಅದರ ತುದಿಯಲ್ಲಿ 1869ರಲ್ಲಿ ತೆರೆದ ಸೂಯೆಜ್ ಕಾಲುವೆ. ಒಂಟೆಗಳು ಹನ್ನೆರಡು ದಿನ ನಡೆದ ಮರುಭೂಮಿಯನ್ನು ಈಗ ಹಡಗು ಪಕ್ಕದಿಂದಲೇ ದಾಟುತ್ತದೆ.

ಈಗ ಹೋಗಿಬನ್ನಿ

ಡೊಂಬಿವಲಿಯ ಹಿರಿಯರೇ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಖಂಡಿತ ಈಜಿಪ್ಟಿಗೆ ಹೋಗಿ. ಅಕ್ಟೋಬರಿನಿಂದ ಏಪ್ರಿಲ್ ಒಳಗೆ ಹೋಗಿ, ಬಿಸಿಲು ತಡೆಯಬಹುದು. ಅಮ್ಮಾವ್ರನ್ನೂ ಕರೆದುಕೊಂಡು ಹೋಗಿ. ಗೀಜಾದ ಪಿರಮಿಡ್ಡುಗಳನ್ನು ನೋಡಿ. ಅದರ ಹತ್ತಿರವೇ 2025ರ ನವೆಂಬರಿನಲ್ಲಿ ವಿಧ್ಯುಕ್ತವಾಗಿ ತೆರೆದ ದೊಡ್ಡ ವಸ್ತುಸಂಗ್ರಹಾಲಯವಿದೆ, ಅದಕ್ಕೆ ಒಂದಿಡೀ ದಿನ ಇಟ್ಟುಕೊಳ್ಳಿ. ಲಕ್ಸರ್, ಕರ್ನಾಕ್ ನೋಡಿ. ಲಕ್ಸರ್‌ನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕಿಫ್ತ್ ಎಂಬ ಸಣ್ಣ ಊರಿದೆ. ಅದೇ ಹಳೆಯ ಕೊಪ್ಟೋಸ್. ಟೂರಿನವರು ಅಲ್ಲಿ ಬಸ್ಸು ನಿಲ್ಲಿಸಲಾರರು, ನಿಲ್ಲಿಸಿದರೂ ಪಿರಮಿಡ್ಡಿನಂಥದ್ದು ಏನೂ ಕಾಣದು. ಆದರೆ ಮೆಣಸು, ಬಟ್ಟೆ, ದಂತ ಹೊತ್ತ ಒಂಟೆಗಳು ಮರುಭೂಮಿಯಿಂದ ಬಂದು ನೈಲ್ ನೀರು ಕುಡಿದದ್ದು ಅಲ್ಲಿ. ಆ ಸರಕಿನಲ್ಲಿ ಒಂದಿಷ್ಟು ನಮ್ಮ ಕರಾವಳಿಯದ್ದು, ನಮ್ಮ ಘಟ್ಟದ ಮೇಲಿನದ್ದು.

ಹೊರಡುವ ಮೊದಲು ಮಾತ್ರ ಮೂರು ಭಾನುವಾರ ಬಿಡುವು ಮಾಡಿಕೊಳ್ಳಿ. ಒಂದು ಭಾನುವಾರ ಕನ್ಹೇರಿ, ಒಂದು ಭಾನುವಾರ ಕಲ್ಯಾಣ್ ಮತ್ತು ಅಂಬರನಾಥ, ಇನ್ನೊಂದು ನಾಣೆಘಾಟ್ ಅಥವಾ ಘಾರಾಪುರಿ. ಮಳೆ ನಿಂತ ಮೇಲೆ ಹೋದರೆ ಒಳ್ಳೆಯದು. ಮಕ್ಕಳು ಮೊಮ್ಮಕ್ಕಳಿದ್ದರೆ ಜೊತೆಗಿರಲಿ. ಅವರಿಗೆ ಕನ್ನಡ ಓದಲು ಬರದಿದ್ದರೂ ಪರವಾಗಿಲ್ಲ. ಬ್ರಾಹ್ಮಿ ನಮಗೂ ಓದಲು ಬರುವುದಿಲ್ಲ. ದರ್ಬಾರ್ ಗುಹೆಯ ಮುಂದೆ ನಿಲ್ಲಿಸಿ "ಇದರಲ್ಲಿ ನಮ್ಮ ಕಡೆಯ ರಾಜನ ಹೆಸರಿದೆ, ಬಂಗಾಳದವನ ದಾನವಿದೆ" ಎಂದು ಹೇಳಿ. ನಾವು ಇಲ್ಲಿಗೆ ಯಾಕೆ ಬಂದೆವು, ಇದು ನಮ್ಮ ಊರು ಹೌದೋ ಅಲ್ಲವೋ ಎಂದು ಮುಂದೊಂದು ದಿನ ಅವರು ಕೇಳುತ್ತಾರೆ. ಆಗ ಉತ್ತರವನ್ನು ನೀವೇ ಹುಡುಕಬೇಕಾಗುವುದಿಲ್ಲ. ಬರುವವರು ಬರುತ್ತಲೇ ಇದ್ದ ಊರು ಇದು ಎಂದು ಅವರಿಗೆ ಆಗಲೇ ತಿಳಿದಿರುತ್ತದೆ.

ಮುಂದಿನ ಸಲ ಕಲ್ಯಾಣ್ ಫಾಸ್ಟಿನಲ್ಲಿ ಜಾಗ ಸಿಗದೆ ಬಾಗಿಲ ಬಳಿ ನಿಂತಾಗ, ಠಾಕುರ್ಲಿ ದಾಟುವ ಹೊತ್ತಿಗೆ ಆ ಹೆಸರಿಲ್ಲದ ಈಜಿಪ್ಟಿನ ವ್ಯಾಪಾರಿಯನ್ನು ಒಮ್ಮೆ ನೆನೆಯಿರಿ. ಅವನೂ ಇದೇ ಊರಿಗೆ ಬರಲು ಕಾದವನು. ಸಾಮಿದತ್ತನನ್ನೂ ನೆನೆಯಿರಿ. ಬೇಸಿಗೆಯಲ್ಲಿ ನಿಮ್ಮ ಸೊಸೈಟಿಯ ಗೇಟಿನ ಹೊರಗೆ ದಾರಿಹೋಕರಿಗೆ ಒಂದು ಮಣ್ಣಿನ ಹೂಜಿಯಲ್ಲಿ ನೀರಿಟ್ಟರೆ, ಅದೂ ಒಂದು ಶಾಸನವೇ.

ನೀವು ಹೋಗಿ ಬಂದ ಮೇಲೆ ನಮಗೆ ಬರೆಯಿರಿ, ಇಲ್ಲವೇ ಫೋನ್ ಮಾಡಿ. ಈ ಸಲ ಅರ್ಧ ನಿಮಿಷವಲ್ಲ, ಪೂರ್ತಿ ಐದು ನಿಮಿಷ ನಿಮ್ಮದೇ. ಆಮೇಲೆ ನೀವು ಹೇಳಿದ ಹಾಡು ಹಾಕೋಣ.

ಅಲ್ಲಿಯವರೆಗೆ, ನಮಸ್ಕಾರ.